ಕೋರೆಹಲ್ಲಿನ ನಾಯಕ, ಕೋಟು ಹಾಕಿದ ನಾಯಕ: ಪ್ಯಾರಾನಾರ್ಮಲ್ ಮತ್ತು ಡಾರ್ಕ್ ಮಾಫಿಯಾ ರೊಮ್ಯಾನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳತಿಯರು, ಪುಸ್ತಕ ಕೇಳಿ ಒಯ್ಯುವವರು, ಮಗಳ ಮೊಬೈಲಿನಲ್ಲಿ ಇಂಥ ಪುಸ್ತಕದ ಮುಖಪುಟ ನೋಡಿ ಗಾಬರಿಯಾದ ಅಮ್ಮಂದಿರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಉತ್ತರಗಳು ನನ್ನವು, ನೀವು ಒಪ್ಪಲೇಬೇಕು ಅಂತಿಲ್ಲ. ಅಲ್ಲಲ್ಲಿ ಕಥೆಯ ಗುಟ್ಟು ಬಿಟ್ಟುಕೊಡಬೇಕಾಗಿ ಬಂದಿದೆ.

ಈ ಎರಡು ಬಗೆಯ ಪುಸ್ತಕಗಳು ಅಂದ್ರೆ ಏನು?

ಪ್ಯಾರಾನಾರ್ಮಲ್ ರೊಮ್ಯಾನ್ಸ್‌ನಲ್ಲಿ ಪ್ರೇಮಿಗಳಲ್ಲಿ ಒಬ್ಬರಾದರೂ ಮಾಮೂಲಿ ಮನುಷ್ಯರಲ್ಲ. ರಕ್ತಪಿಶಾಚಿ, ತೋಳವಾಗಿ ಮೈ ಬದಲಿಸುವವನು, ರೆಕ್ಕೆಯ ದೇವದೂತ, ಮನಸ್ಸು ಓದುವವಳು, ಯಾರು ಬೇಕಾದರೂ ಆಗಬಹುದು. ಡಾರ್ಕ್ ಮಾಫಿಯಾದಲ್ಲಿ ನಾಯಕ ಅಪರಾಧಿ ಕುಟುಂಬದವನು. ಇಟಾಲಿಯನ್ನರು, ರಷ್ಯನ್ನರು ಜಾಸ್ತಿ, ಐರಿಷ್‌ನವರೂ ಇದ್ದಾರೆ. ಕೊಲೆ, ಅಪಹರಣ, ಬಲವಂತದ ಮದುವೆ ಕಥೆಯ ಒಳಗೇ ಇರುತ್ತವೆ. ಎರಡರಲ್ಲೂ ಕೊನೆಗೆ ಜೋಡಿ ಒಂದಾಗಿ ಸುಖವಾಗಿರಲೇಬೇಕು. ಓದುಗರು ಎಚ್‌ಇಎ (ಹ್ಯಾಪಿಲಿ ಎವರ್ ಆಫ್ಟರ್) ಅನ್ನುವುದು ಇದಕ್ಕೇ.

ರಕ್ತಪಿಶಾಚಿಗಳನ್ನು ಓದುತ್ತಿದ್ದವರು ಮಾಫಿಯಾ ಕಡೆ ಯಾಕೆ ಹೊರಳಿದರು?

ತುಂಬಾ ದೂರವೇನೂ ಹೋಗಲಿಲ್ಲ. ಜೆ.ಆರ್. ವಾರ್ಡ್ 2005ರಲ್ಲಿ 'ಡಾರ್ಕ್ ಲವರ್' ಬರೆದು 'ಬ್ಲ್ಯಾಕ್ ಡ್ಯಾಗರ್ ಬ್ರದರ್‌ಹುಡ್' ಸರಣಿ ಶುರು ಮಾಡಿದರು. ಅದರಲ್ಲಿ ಏನಿದೆ ನೋಡಿ. ಒಡಹುಟ್ಟಿದವರಂತೆ ಬದುಕುವ ಗಂಡಸರ ಗುಂಪು, ಅವರಿಗೊಬ್ಬ ರಾಜ, ಪೊಲೀಸರಿಗೆ ಗೊತ್ತೇ ಇಲ್ಲದ ಸ್ವಂತ ಕಾನೂನು, ರಕ್ತದ ಆಣೆ, ಚರ್ಮದ ಜಾಕೆಟ್ಟು, ಕಾವಲಿನ ಬಂಗಲೆ, ಹೊರಗಿನವರ ಮೇಲೆ ಅನುಮಾನ. ಇದರಿಂದ ಕೋರೆಹಲ್ಲು ಕಿತ್ತುಬಿಡಿ, ಉಳಿಯುವುದು ಮಾಫಿಯಾ ಕುಟುಂಬವೇ. 2010ರ ನಂತರ ಓದುಗರು ಕೋರೆಹಲ್ಲಿಂದ ದಣಿದಾಗ, ಅದೇ ಬಿಗಿ, ಅದೇ ನಿಷ್ಠೆ, ಅದೇ 'ನೀನು ನನ್ನವಳು' ಅನ್ನುವ ಹಟ ಕೋಟು ಹಾಕಿಕೊಂಡು ಮತ್ತೆ ಬಂತು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ರಕ್ತಪಿಶಾಚಿಯ ಕೈಯಲ್ಲಿ ಸತ್ತವರು ಲೋಕದಲ್ಲಿ ಯಾರೂ ಇಲ್ಲ. ಮಾಫಿಯಾ ಕೈಯಲ್ಲಿ ಸತ್ತವರಿಗೆ ಹೆಸರಿದೆ, ಮಕ್ಕಳಿದ್ದಾರೆ, ಸಮಾಧಿ ಇದೆ. ಅದಕ್ಕೇ ನಾನು ಮಾಫಿಯಾ ಪುಸ್ತಕದ ಹತ್ತಿರ ಜಾಸ್ತಿ ಲೆಕ್ಕ ಕೇಳುತ್ತೇನೆ. ನಾಯಕಿ 'ಬೇಡ' ಅಂದರೆ ಆ ಕಥೆಯಲ್ಲಿ ಏನಾದರೂ ಬದಲಾಗುತ್ತದಾ? ಬದಲಾಗುತ್ತದೆ ಅಂದರೆ ಎಂಥ ಕತ್ತಲ ಕಥೆಯನ್ನೂ ಓದುತ್ತೇನೆ. ಬದಲಾಗುವುದಿಲ್ಲ ಅಂದರೆ ಪುಸ್ತಕ ಮುಚ್ಚುತ್ತೇನೆ.

ಪ್ಯಾರಾನಾರ್ಮಲ್‌ನಲ್ಲಿ ಮೊದಲು ಯಾವುದು ಓದಲಿ?

ನಳಿನಿ ಸಿಂಗ್ ಅವರ 'ಸೈ-ಚೇಂಜ್‌ಲಿಂಗ್' ಸರಣಿ. ಎರಡನೇ ಯೋಚನೆ ಬೇಡ. ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡ್‌ನಲ್ಲಿ ಬೆಳೆದ ಲೇಖಕಿ. ಮೊದಲ ಪುಸ್ತಕ 'ಸ್ಲೇವ್ ಟು ಸೆನ್ಸೇಷನ್' 2006ರಲ್ಲಿ ಬಂತು.

ಅವರು ಕಟ್ಟಿದ ಲೋಕದ ನಿಯಮ ಕೇಳಿ. ಅಲ್ಲಿ ಸೈ ಅನ್ನುವ ಒಂದು ಜನಾಂಗ ಇದೆ, ಮನಸ್ಸಿನ ಶಕ್ತಿ ಇರುವವರು. ಅವರಲ್ಲಿ ಹುಚ್ಚು, ಕೊಲೆ ಮಿತಿಮೀರಿದಾಗ 1979ರಲ್ಲಿ ಒಂದು ತೀರ್ಮಾನ ಮಾಡುತ್ತಾರೆ: ಮಕ್ಕಳನ್ನು ಚಿಕ್ಕಂದಿನಿಂದಲೇ ಭಾವನೆ ಇಲ್ಲದ ಹಾಗೆ ಪಳಗಿಸಬೇಕು. ಈ ಪಳಗಿಸುವಿಕೆಗೆ ಸೈಲೆನ್ಸ್ ಅಂತ ಹೆಸರು. ಕಥೆ ನಡೆಯುವ ಹೊತ್ತಿಗೆ ನೂರು ವರ್ಷ ಕಳೆದಿದೆ. ಸಾಷಾ ಡಂಕನ್ ಅನ್ನುವ ಹುಡುಗಿಗೆ ಎಷ್ಟು ಪಳಗಿಸಿದರೂ ಒಳಗೆ ಏನೋ ಅಲ್ಲಾಡುತ್ತಲೇ ಇರುತ್ತದೆ. ತಾನೊಂದು ಕೆಟ್ಟುಹೋದ ಸರಕು ಅಂತಲೇ ಅವಳು ನಂಬಿದ್ದಾಳೆ. ಗೊತ್ತಾದರೆ ಮನಸ್ಸನ್ನೇ ಅಳಿಸಿಬಿಡುತ್ತಾರೆ ಅನ್ನುವ ಭಯ ಬೇರೆ. ಆಮೇಲೆ ಚಿರತೆಯಾಗಿ ಮೈ ಬದಲಿಸುವವರ ಗುಂಪಿನ ನಾಯಕ ಲ್ಯೂಕಸ್ ಹಂಟರ್ ಎದುರಾಗುತ್ತಾನೆ. ಚಿರತೆಗಳಿಗೆ ಮುಟ್ಟುವುದು, ತಬ್ಬುವುದು ಉಸಿರಾಡಿದಷ್ಟೇ ಸಹಜ.

ನನಗೆ ಈ ಪುಸ್ತಕ ಯಾಕೆ ದೊಡ್ಡದು ಅಂದರೆ, ಇಲ್ಲಿ ಪ್ರೇಮ ಅನ್ನುವುದು ರಾಜಕೀಯ. ಸಾಷಾ ಒಬ್ಬ ಗಂಡಸನ್ನು ಇಷ್ಟಪಟ್ಟರೆ ಇಡೀ ವ್ಯವಸ್ಥೆಯೇ ಸುಳ್ಳು ಅಂತ ಸಾಬೀತಾಗುತ್ತದೆ. ಅವಳಲ್ಲಿರುವುದು ದೋಷ ಅಲ್ಲ, ಅದೇ ಅವಳ ಶಕ್ತಿ ಅಂತ ಗೊತ್ತಾಗುವ ಜಾಗಕ್ಕೆ ಬಂದಾಗ ಮೈ ಜುಂ ಅನ್ನುತ್ತದೆ. ಭಾವನೆ ತೋರಿಸಬೇಡ, ಜೋರಾಗಿ ನಗಬೇಡ, ಅಳಬೇಡ ಅಂತ ಕೇಳುತ್ತಾ ಬೆಳೆದವರಿಗೆ ಇದು ಬೇರೆ ಗ್ರಹದ ಕಥೆ ಅನ್ನಿಸುವುದೇ ಇಲ್ಲ.

'ಬ್ಲ್ಯಾಕ್ ಡ್ಯಾಗರ್ ಬ್ರದರ್‌ಹುಡ್' ಈಗಲೂ ಓದಬಹುದಾ?

ಓದಬಹುದು, ಮೊದಲ ಮೂರನ್ನಂತೂ ಓದಲೇಬೇಕು. ಹೆಸರುಗಳು ವಿಚಿತ್ರ, ಎಲ್ಲ ಗಂಡಸರೂ ಆರಡಿ ದಾಟಿದವರು, ಎಲ್ಲರಿಗೂ ಹೇಳಲಾಗದ ನೋವು. ಆದರೆ ಮೂರನೇ ಪುಸ್ತಕ 'ಲವರ್ ಅವೇಕನ್ಡ್' ಇದೆಯಲ್ಲ, 2006ರದ್ದು, ಅದಕ್ಕೆ ಸಮ ಆಗುವಂಥದ್ದು ಈ ಬಗೆಯಲ್ಲಿ ಕಡಿಮೆ. ನಾಯಕ ಝೇಡಿಸ್ಟ್ ಗುಲಾಮನಾಗಿದ್ದವನು, ಲೈಂಗಿಕ ಹಿಂಸೆ ಅನುಭವಿಸಿದವನು. ಮುಖದ ಮೇಲೆ ಉದ್ದ ಗಾಯದ ಕಲೆ. ಯಾರಾದರೂ ಮುಟ್ಟಿದರೆ ಸಹಿಸುವುದಿಲ್ಲ. ಓದು ಬರಹ ಬಾರದು. ಅಷ್ಟು ಭಯಂಕರ ಯೋಧ ಅಕ್ಷರ ಕಲಿಯಲು ಕೂರುತ್ತಾನೆ. ಅತ್ಯಾಚಾರದ ನೋವು ಗಂಡಸಿಗೂ ಇರುತ್ತದೆ ಅಂತ ಒಪ್ಪಿ, ಅದನ್ನು ಅಷ್ಟು ಉದ್ದಕ್ಕೆ ಬರೆದ ಜನಪ್ರಿಯ ಪ್ರೇಮಕಥೆ ಆಗ ಎಷ್ಟಿತ್ತು?

ಈ ಸರಣಿಯ ಕಷ್ಟ ಅಂದರೆ ಉದ್ದ. ಇಪ್ಪತ್ತು ಪುಸ್ತಕ ದಾಟಿದೆ. ಮುಂದೆ ಹೋದಂತೆ ಉಪಕಥೆಗಳು ಮುಖ್ಯ ಜೋಡಿಯ ಜಾಗ ತಿನ್ನುತ್ತವೆ. ನನ್ನ ಮನಸ್ಸಿನಲ್ಲಿ ಇದು ಮೊದಲ ಆರೇಳು ಪುಸ್ತಕಗಳ ಸರಣಿ.

ಕ್ರಮವಾಗಿಯೇ ಓದಬೇಕಾ?

ಪ್ಯಾರಾನಾರ್ಮಲ್ ಆದರೆ ಹೌದು. ಪ್ರತಿ ಪುಸ್ತಕದಲ್ಲೂ ಹೊಸ ಜೋಡಿ ಇದ್ದರೂ ಲೋಕದ ಕಥೆ ಮುಂದುವರಿಯುತ್ತಿರುತ್ತದೆ. ಮಾಫಿಯಾ ಸರಣಿಗಳನ್ನು ಎಲ್ಲಿಂದ ಹಿಡಿದರೂ ಸಾಮಾನ್ಯವಾಗಿ ಅರ್ಥ ಆಗುತ್ತದೆ.

ಮಾಫಿಯಾ ಕಡೆ ಯಾವುದರಿಂದ ಶುರು?

ಕೋರಾ ರೈಲಿ ಅವರ 'ಬೌಂಡ್ ಬೈ ಹಾನರ್', 2014. ಬರವಣಿಗೆ ಅಲ್ಲಲ್ಲಿ ಒರಟು. ಆದರೂ ಈಗ ಎಲ್ಲರೂ ಬಳಸುವ ಅಚ್ಚುಗಳಲ್ಲಿ ಎಷ್ಟೋ ಈ ಪುಸ್ತಕದಲ್ಲಿ ಒಟ್ಟಿಗೆ ಸಿಗುತ್ತವೆ. ನ್ಯೂಯಾರ್ಕ್ ಮತ್ತು ಶಿಕಾಗೋ ಗುಂಪುಗಳ ನಡುವೆ ಶಾಂತಿಗಾಗಿ ಆರಿಯಾ ಅನ್ನುವ ಹುಡುಗಿಯನ್ನು ಲೂಕಾಗೆ ಗೊತ್ತು ಮಾಡುತ್ತಾರೆ, ಆಗ ಅವಳಿಗೆ 15 ವರ್ಷ. ಮದುವೆ 18ಕ್ಕೆ. ಮೊದಲ ರಾತ್ರಿಯ ಮರುದಿನ ರಕ್ತದ ಕಲೆಯಿರುವ ಚಾದರ ತೋರಿಸಬೇಕು ಅನ್ನುವ ಪದ್ಧತಿ. ಹುಡುಗಿ ಹೆದರಿ ನಡುಗುತ್ತಿದ್ದಾಳೆ. ಲೂಕಾ ಅವಳನ್ನು ಬಲವಂತ ಮಾಡುವುದಿಲ್ಲ. ಚಾಕು ತೆಗೆದು ತನ್ನ ತೋಳನ್ನೇ ಗೀರಿ ಚಾದರದ ಮೇಲೆ ರಕ್ತ ಬೀಳಿಸುತ್ತಾನೆ.

ಈ ಒಂದು ದೃಶ್ಯ ನಿಧಾನವಾಗಿ ಓದಿ. ಅವನು ಪದ್ಧತಿಯನ್ನು ಮುರಿಯುವುದಿಲ್ಲ, ಅದರ ವಿರುದ್ಧ ಒಂದು ಮಾತೂ ಆಡುವುದಿಲ್ಲ. ಕೋಣೆಯ ಒಳಗೆ ಅವಳ 'ಬೇಡ'ವನ್ನು ಕೇಳಿಸಿಕೊಂಡ, ಹೊರಗಿನವರಿಗೆ ಸುಳ್ಳು ತೋರಿಸಿದ, ಅಷ್ಟೇ. ಚಾದರ ತೋರಿಸುವ ಪದ್ಧತಿ ನಾಳೆ ಇನ್ನೊಬ್ಬ ಹುಡುಗಿಗೂ ಇದ್ದೇ ಇರುತ್ತದೆ. ಮಾಫಿಯಾ ರೊಮ್ಯಾನ್ಸ್‌ನ ಸೆಳೆತ, ಅದರ ಮಿತಿ ಎರಡೂ ಆ ದೃಶ್ಯದಲ್ಲೇ ಇವೆ ಅಂತ ನನ್ನ ಅಭಿಪ್ರಾಯ.

ಇನ್ನೂ ಚೆಂದದ ಬರವಣಿಗೆ ಬೇಕು ಅಂದರೆ ಡೇನಿಯಲ್ ಲೋರಿ. 'ದ ಸ್ವೀಟೆಸ್ಟ್ ಒಬ್ಲಿವಿಯನ್' 2018ರದ್ದು. ಅಕ್ಕನ ಕಣ್ಣು ತಂಗಿಗೆ ಗೊತ್ತು ಮಾಡಿದ ಗಂಡಿನ ಮೇಲೆ. ಮಾತುಕತೆಗಳು ಚುರುಕು, ಪ್ರೇಮ ನಿಧಾನವಾಗಿ ಕಾವೇರುತ್ತದೆ. ಅದರ ಮುಂದಿನ 'ದ ಮ್ಯಾಡೆಸ್ಟ್ ಅಬ್ಸೆಷನ್' ನನಗೆ ಅದಕ್ಕಿಂತಲೂ ಇಷ್ಟ. ನಾಯಕಿ ಜಿಯಾನಾ ಅತ್ತು ಕರೆಯುವವಳಲ್ಲ, ಎದುರು ಮಾತಾಡುವವಳು. ಇಬ್ಬರ ನಡುವೆ ವರ್ಷಗಳು ಉರುಳುತ್ತವೆ. ಆ ಕಾಯುವಿಕೆಯಿಂದಲೇ ಪ್ರೇಮ ನಂಬುವಂತಾಗಿದೆ.

ನಿಜವಾದ ಮಾಫಿಯಾ ಹೀಗೇ ಇರುತ್ತದಾ?

ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಉತ್ತರ ಹೇಳಬೇಕು.

ಕೋರಾ ರೈಲಿ ಅವರದೇ ಇನ್ನೊಂದು ಸರಣಿಯಲ್ಲಿ ಲಾಸ್ ವೇಗಸ್‌ನ ಕ್ರೂರ ದೊರೆಯ ಹೆಸರು ರೇಮೋ ಫಾಲ್ಕೊನೆ. 'ಟ್ವಿಸ್ಟೆಡ್ ಪ್ರೈಡ್'ನಲ್ಲಿ ಅವನು ಸೆರಾಫಿನಾ ಅನ್ನುವ ವಧುವನ್ನು ಮದುವೆಯ ದಿನವೇ ಅಪಹರಿಸುತ್ತಾನೆ. ಆಮೇಲೆ ಅವರಿಬ್ಬರಿಗೂ ಪ್ರೇಮ. ಓದುಗರಿಗೆ ಈ ಪುಸ್ತಕ ಅಂದರೆ ಪ್ರಾಣ. ಬರವಣಿಗೆಯ ಬಿಗಿ ನಾನೂ ಒಪ್ಪುತ್ತೇನೆ.

ಈಗ ನಿಜದ ಫಾಲ್ಕೊನೆ ಯಾರು ಅಂತ ಕೇಳಿ. ಜೊವಾನ್ನಿ ಫಾಲ್ಕೊನೆ ಇಟಲಿಯ ಸಿಸಿಲಿ ದ್ವೀಪದ ನ್ಯಾಯಾಧೀಶರು. ಅಲ್ಲಿನ ಪಲೆರ್ಮೋ ನಗರದಲ್ಲಿ 1986ರಲ್ಲಿ ಮಾಫಿಯಾ ವಿರುದ್ಧ ಶುರುವಾದ ಮಹಾ ವಿಚಾರಣೆಗೆ ಸಾಕ್ಷ್ಯ ಕಲೆಹಾಕಿದವರಲ್ಲಿ ಪ್ರಮುಖರು. 1987ರಲ್ಲಿ ತೀರ್ಪು ಬಂದಾಗ 300ಕ್ಕೂ ಹೆಚ್ಚು ಮಾಫಿಯಾ ಮಂದಿಗೆ ಶಿಕ್ಷೆಯಾಯಿತು. 1992ರ ಮೇ 23ರಂದು ಕಪಾಚಿ ಹತ್ತಿರ ಹೆದ್ದಾರಿಯ ಕೆಳಗೆ ಬಾಂಬ್ ಇಟ್ಟು ಅವರನ್ನು ಕೊಂದರು. ಜೊತೆಗೆ ಹೆಂಡತಿ ಫ್ರಾಂಚೆಸ್ಕಾ ಮೊರ್ವಿಲ್ಲೊ, ಮೂವರು ಬೆಂಗಾವಲಿನವರು ಸತ್ತರು. ಎರಡು ತಿಂಗಳಾಗುವುದರೊಳಗೆ ಅವರ ಗೆಳೆಯ, ನ್ಯಾಯಾಧೀಶ ಪಾವೊಲೊ ಬೊರ್ಸೆಲ್ಲಿನೊ ಅವರನ್ನೂ ಕೊಂದರು. ಇವತ್ತು ಪಲೆರ್ಮೋ ವಿಮಾನ ನಿಲ್ದಾಣಕ್ಕೆ ಇವರಿಬ್ಬರ ಹೆಸರಿದೆ. ಫಾಲ್ಕೊನೆ ಇಟಲಿಯಲ್ಲಿ ಇರುವ ಅಡ್ಡಹೆಸರೇ, ಬೇಕೆಂದೇ ಇಟ್ಟಿದ್ದು ಅಂತ ನಾನು ಹೇಳುವುದಿಲ್ಲ. ಆದರೆ ಮಾಫಿಯಾ ಕೊಂದ ಮನುಷ್ಯನ ಹೆಸರನ್ನು ಮಾಫಿಯಾ ದೊರೆ ಹೊತ್ತು ತಿರುಗುವುದು ಓದುವಾಗ ನನಗೆ ಚುಚ್ಚುತ್ತದೆ.

ಅಪಹರಣದ ಮದುವೆಗೂ ನಿಜದ ಕಥೆ ಇದೆ. 1965ರ ಡಿಸೆಂಬರ್ 26ರಂದು ಸಿಸಿಲಿಯ ಅಲ್ಕಾಮೊ ಊರಿನಲ್ಲಿ ಫ್ರಾಂಕಾ ವಿಯೋಲಾ ಅನ್ನುವ 17 ವರ್ಷದ ಹುಡುಗಿಯನ್ನು ಅವಳ ಮನೆಯಿಂದಲೇ ಎಳೆದೊಯ್ದರು. ಕೈ ಬಿಡದ ಪುಟ್ಟ ತಮ್ಮನನ್ನೂ ಜೊತೆಗೆ ಹೊತ್ತೊಯ್ದರು. ಎಳೆದೊಯ್ದ ಫಿಲಿಪ್ಪೊ ಮೆಲೋಡಿಯಾಗೆ ಮಾಫಿಯಾ ನಂಟಿತ್ತು. ಅವಳ ಮೇಲೆ ಅತ್ಯಾಚಾರ ಮಾಡಿದ. ಆಗಿನ ಇಟಲಿಯ ಕಾನೂನಿನ 544ನೇ ಕಲಂ ಪ್ರಕಾರ, ಅತ್ಯಾಚಾರ ಮಾಡಿದವನು ಆ ಹುಡುಗಿಯನ್ನೇ ಮದುವೆಯಾದರೆ ಶಿಕ್ಷೆ ಇಲ್ಲ. ಮಾನ ಉಳಿಯಬೇಕಾದರೆ ಹುಡುಗಿ ಒಪ್ಪಲೇಬೇಕು ಅಂತ ಊರೆಲ್ಲ ಹೇಳಿತು. ಫ್ರಾಂಕಾ ಒಪ್ಪಲಿಲ್ಲ. ಅಪ್ಪ ಬರ್ನಾರ್ಡೊ ಅವಳ ಬೆನ್ನಿಗೆ ನಿಂತರು. ಅವರ ದ್ರಾಕ್ಷಿ ತೋಟಕ್ಕೆ ಬೆಂಕಿ ಬಿತ್ತು, ಬೆದರಿಕೆಗಳು ಬಂದವು. ಆದರೂ ಕೋರ್ಟಿಗೆ ಹೋದರು, ಮೆಲೋಡಿಯಾ ಜೈಲಿಗೆ ಹೋದ. ಫ್ರಾಂಕಾ 1968ರಲ್ಲಿ ತಾನು ಇಷ್ಟಪಟ್ಟವನನ್ನು ಮದುವೆಯಾದರು. ಆ ಕಲಂ ರದ್ದಾಗಿದ್ದು 1981ರಲ್ಲಿ.

ಒಂದೇ ರೀತಿ ಶುರುವಾಗುವ ಎರಡು ಕಥೆಗಳು. ಒಂದರಲ್ಲಿ ಅಪಹರಣದಿಂದ ಪ್ರೇಮ ಹುಟ್ಟುತ್ತದೆ. ಇನ್ನೊಂದರಲ್ಲಿ ಒಬ್ಬಳು ಹುಡುಗಿ 'ಬೇಡ' ಅಂದಳು, ಮುಂದೆ ಕಾನೂನು ಹೋಯಿತು. ಮೊದಲನೆಯದನ್ನು ಓದುವವರು ಎರಡನೆಯದನ್ನೂ ತಿಳಿದಿರಲಿ ಅನ್ನುವುದು ನನ್ನ ಆಸೆ.

'ಹೆಂಡತಿಗಾಗಿ ಊರನ್ನೇ ಸುಡುತ್ತೇನೆ' ಅನ್ನುವ ನಾಯಕ ನಿಜದಲ್ಲಿ ಇರುತ್ತಾನಾ?

2007ರಲ್ಲಿ ಸಿಸಿಲಿಯ ಮುಖಂಡ ಸಾಲ್ವಟೋರೆ ಲೋ ಪಿಕ್ಕೊಲೊ ಸಿಕ್ಕಿಬಿದ್ದಾಗ ಅವನ ಹತ್ತಿರ ಗುಂಪಿನ ನಿಯಮಗಳ ಪಟ್ಟಿಯೊಂದು ಸಿಕ್ಕಿತು. ಹೆಂಡತಿಯನ್ನು ಗೌರವದಿಂದ ಕಾಣಬೇಕು ಅಂತ ಒಂದು ನಿಯಮ. ಹೆಂಡತಿಗೆ ಹೆರಿಗೆ ನೋವು ಬಂದಿದ್ದರೂ ಗುಂಪು ಕರೆದರೆ ಹೊರಡಬೇಕು ಅಂತ ಇನ್ನೊಂದು. ಮಾಫಿಯಾದಲ್ಲಿ ಮೊದಲ ಸ್ಥಾನ ಯಾರಿಗೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಬಾಯಿ ಬಿಟ್ಟ ಹೆಂಗಸಿಗೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಲೇಯಾ ಗರೊಫಾಲೊ ಅವರ ಬಗ್ಗೆ ಓದಿ. ದಕ್ಷಿಣ ಇಟಲಿಯ ಕಲಾಬ್ರಿಯಾದ ಅಪರಾಧಿ ಕುಟುಂಬದಲ್ಲಿ ಹುಟ್ಟಿ, ಅದರ ವಿರುದ್ಧ ಪೊಲೀಸರಿಗೆ ಸಾಕ್ಷಿ ಹೇಳಿದವರು. 2009ರ ನವೆಂಬರ್‌ನಲ್ಲಿ ಮಿಲಾನ್‌ನಲ್ಲಿ ಅವರನ್ನು ಕೊಂದರು. ಕೊಲ್ಲಿಸಿದ್ದು ಅವರ ಮಗಳ ಅಪ್ಪನೇ. ಆ ಮಗಳು ಕೋರ್ಟಿನಲ್ಲಿ ನಿಂತು ಅಪ್ಪನ ವಿರುದ್ಧ ಸಾಕ್ಷಿ ಹೇಳಿದಳು.

ರಷ್ಯನ್ ಬ್ರಾತ್ವಾ, ಅಂದರೆ ಅಲ್ಲಿನ ಮಾಫಿಯಾದ ಕಥೆಗಳು?

ಅಷ್ಟು ಇಷ್ಟ ಇಲ್ಲ. ರಷ್ಯಾದ ಹಳೇ ಕಳ್ಳರ ಕಟ್ಟಳೆಯಲ್ಲಿ ದೊಡ್ಡ ಕಳ್ಳನಿಗೆ ಮದುವೆ, ಸಂಸಾರವೇ ನಿಷಿದ್ಧವಾಗಿತ್ತು. ಆ ಕಟ್ಟಳೆಗೂ ಪ್ರೇಮಕ್ಕೂ ಜಗಳ ಹಚ್ಚಿದರೆ ಎಂಥ ಕಥೆ ಆಗಬಹುದು ನೋಡಿ! ನಾನು ಓದಿದವುಗಳಲ್ಲಿ ಬರೀ ಹಚ್ಚೆ, ವೋಡ್ಕಾ, ಮುದ್ದಿನ ಒಂದೆರಡು ರಷ್ಯನ್ ಮಾತು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಓದುತ್ತೀರಿ?

ಭಯವನ್ನು ಸುರಕ್ಷಿತ ಜಾಗದಲ್ಲಿ ಕೂತು ನೋಡುವ ಅವಕಾಶ ಅದು. ರಾತ್ರಿ ಒಬ್ಬಳೇ ಆಟೋ ಹತ್ತುವಾಗ ನಂಬರ್ ಫೋಟೋ ತೆಗೆದು ತಂಗಿಗೆ ಕಳಿಸುವವಳು ನಾನು. ನಿಜದ ಬದುಕಿನಲ್ಲಿ ಗಂಡಸಿನ ಸಿಟ್ಟು ಯಾವಾಗ ಎಲ್ಲಿ ತಿರುಗುತ್ತದೋ ಗೊತ್ತಿಲ್ಲ. ಪುಸ್ತಕದಲ್ಲಿ ಕೊನೆ ಏನು ಅಂತ ಮೊದಲೇ ಗೊತ್ತು. ಎಲ್ಲರೂ ಹೆದರುವವನು ಇವಳೊಬ್ಬಳ ಎದುರು ತಲೆ ತಗ್ಗಿಸುತ್ತಾನೆ. ಬೇಸರವಾದರೆ ಪುಟ ಮುಚ್ಚುವ ಅಧಿಕಾರ ನನ್ನದು. ಇಂಥ ಪುಸ್ತಕ ಓದುವ ಹೆಂಗಸರಿಗೆ ಬುದ್ಧಿ ಇಲ್ಲ ಅನ್ನುವವರ ಮಾತು ನನಗೆ ಸಿಟ್ಟು ತರಿಸುತ್ತದೆ. ಕೊಲೆಗಳ ಪತ್ತೇದಾರಿ ಓದುವ ಗಂಡಸರನ್ನು ಯಾರೂ ಹಾಗೆ ಕೇಳುವುದಿಲ್ಲ, ಅಲ್ವಾ?

ಅರೇಂಜ್ಡ್ ಮ್ಯಾರೇಜ್ ಕಥೆಗಳಲ್ಲಿ ನಮಗೆ ಹೊಸದೇನಿದೆ?

ನಮಗೆ ಕಾಣುವುದು ಅಮೆರಿಕದ ಓದುಗರಿಗೆ ಕಾಣದೆ ಇರಬಹುದು. ಈ ಕಥೆಗಳಲ್ಲಿ ಅತ್ತೆ ಇರುವುದೇ ಅಪರೂಪ. ನಾಯಕನ ತಾಯಿ ಸಾಮಾನ್ಯವಾಗಿ ಸತ್ತಿರುತ್ತಾಳೆ. ಅಡುಗೆಮನೆಗೆ ಆಳುಗಳಿದ್ದಾರೆ. ಗೊತ್ತು ಮಾಡಿದ ಮದುವೆಯಲ್ಲಿ ಹೆಣ್ಣು ನಿಜವಾಗಿ ಎದುರಿಸುವುದು ಗಂಡ ಒಬ್ಬನನ್ನಲ್ಲ, ಒಂದಿಡೀ ಮನೆಯನ್ನು. ಯಾರು ಯಾವಾಗ ಊಟ ಮಾಡುತ್ತಾರೆ, ಯಾರ ಎದುರು ಕೂರಬಾರದು, ತವರಿಗೆ ಫೋನ್ ಮಾಡಿದರೆ ಯಾರು ಮುಖ ಸಿಂಡರಿಸುತ್ತಾರೆ ಅನ್ನುವ ಆ ಬಿಗಿ ಈ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ. ಅದು ಬಂದರೆ ಮಾಫಿಯಾ ಕಥೆಗಳು ಇನ್ನೂ ಗಟ್ಟಿಯಾಗುತ್ತವೆ.

ಫೇಟೆಡ್ ಮೇಟ್ ಅಂದರೆ ಹಣೆಬರಹದ ಜೋಡಿ. ಅಲ್ಲಿ ನಾಯಕಿಗೆ ಆಯ್ಕೆ ಎಲ್ಲಿದೆ?

ಲೇಖಕಿಯ ಮೇಲೆ ಹೋಗುತ್ತದೆ. ಕ್ರಿಸ್ಟೀನ್ ಫೀಹನ್ 1999ರಲ್ಲಿ 'ಡಾರ್ಕ್ ಪ್ರಿನ್ಸ್' ಬರೆದರು. ಅವರ ಕಾರ್ಪೇಥಿಯನ್ ಅನ್ನುವ, ರಕ್ತ ಕುಡಿದು ಬದುಕುವ ಜನಾಂಗದ ಗಂಡಸರಿಗೆ ಕಾಲ ಕಳೆದಂತೆ ಭಾವನೆ ಸಾಯುತ್ತದೆ, ಬಣ್ಣಗಳೇ ಕಾಣುವುದಿಲ್ಲ. ತನ್ನವಳು ಸಿಕ್ಕ ಕ್ಷಣ ಲೋಕಕ್ಕೆ ಬಣ್ಣ ಮರಳುತ್ತದೆ. ಎಷ್ಟು ಸೊಗಸಾದ ಕಲ್ಪನೆ! ಆದರೆ ಅವನು ಮಂತ್ರದಂಥ ಮಾತು ಹೇಳಿದರೆ ಸಾಕು, ಅವಳು ಒಪ್ಪಲಿ ಬಿಡಲಿ ಬಂಧನ ಬಿದ್ದಾಯಿತು. ಅಲ್ಲಿ ನನ್ನ ಮನಸ್ಸು ಹಿಂದೆ ಸರಿಯುತ್ತದೆ.

ನಳಿನಿ ಸಿಂಗ್ ಅವರ 2008ರ 'ಬ್ರ್ಯಾಂಡೆಡ್ ಬೈ ಫೈರ್' ಇದಕ್ಕೆ ಒಳ್ಳೆಯ ಉತ್ತರ. ಮರ್ಸಿ ಚಿರತೆ, ತನ್ನ ಗುಂಪಿನಲ್ಲಿ ದೊಡ್ಡ ಹುದ್ದೆಯ ಕಾವಲುಗಾರ್ತಿ. ರೈಲಿ ಪಕ್ಕದ ಗುಂಪಿನ ತೋಳ. ಜೋಡಿ ಅಂತ ಇಬ್ಬರಿಗೂ ಗೊತ್ತು. ಆದರೂ ಮರ್ಸಿ ಸೋಲುವುದಿಲ್ಲ. ಅವನನ್ನು ಒಪ್ಪಿಕೊಂಡರೆ ನನ್ನ ಗುಂಪು, ನನ್ನ ಕೆಲಸ ಏನಾಗಬೇಕು ಅನ್ನುವುದು ಅವಳ ಪ್ರಶ್ನೆ. ಮದುವೆಯಾದ ಮೇಲೆ ಊರು ಬಿಟ್ಟ, ಕೆಲಸ ಬಿಟ್ಟ ಯಾವ ಹೆಣ್ಣಿಗಾದರೂ ಇದು ಮನೆಯ ಪ್ರಶ್ನೆಯೇ.

ಪುಸ್ತಕದ ಶುರುವಿನ ಟ್ರಿಗರ್ ವಾರ್ನಿಂಗ್ (ಒಳಗೆ ಎಂಥ ಹಿಂಸೆ ಇದೆ ಅನ್ನುವ ಎಚ್ಚರಿಕೆಯ ಪಟ್ಟಿ) ಓದಬೇಕಾ?

ಓದಿ, ದಯವಿಟ್ಟು ಓದಿ. ಡಾರ್ಕ್ ಅನ್ನುವ ಒಂದೇ ಮಾತಿನಡಿ ಬಂದೂಕು ಹಿಡಿದ ಮುದ್ದು ಗಂಡನ ಕಥೆಯೂ ಬರುತ್ತದೆ, ಅತ್ಯಾಚಾರ ಮತ್ತು ಚಿತ್ರಹಿಂಸೆಯ ಕಥೆಯೂ ಬರುತ್ತದೆ. ಪಟ್ಟಿ ಕೊಡದ ಲೇಖಕರ ಪುಸ್ತಕ ನಾನು ಮುಟ್ಟುವುದಿಲ್ಲ.

ಮಾಫಿಯಾ ಪುಸ್ತಕಗಳು ಯಾಕೆ ಇಷ್ಟು ಎಳೆಯುತ್ತವೆ, ಯಾಕೆ ಪ್ರತಿ ಅಧ್ಯಾಯಕ್ಕೂ ಒಂದು ತಿರುವು?

ಬಹುಪಾಲು ಲೇಖಕಿಯರು ತಾವೇ ಪ್ರಕಟಿಸಿ ಅಮೆಜಾನ್‌ನ ಇ-ಪುಸ್ತಕ ಸೇವೆ ಕಿಂಡಲ್ ಅನ್‌ಲಿಮಿಟೆಡ್‌ಗೆ ಹಾಕುತ್ತಾರೆ. ತಿಂಗಳ ಚಂದಾದ ಈ ಸೇವೆ ಅಮೆರಿಕದಲ್ಲಿ 2014ರಲ್ಲಿ ಶುರುವಾಯಿತು. 2015ರ ಜುಲೈಯಿಂದ ಲೇಖಕರಿಗೆ ದುಡ್ಡು ಬರುವುದು ಓದುಗರು ತಿರುಗಿಸಿದ ಪುಟದ ಲೆಕ್ಕದಲ್ಲಿ. ಹಾಗಾಗಿ ಓದುಗರು ನಡುವೆ ಎದ್ದು ಹೋಗದಂತೆ ಬರೆಯುತ್ತಾರೆ. ತಪ್ಪು ಅನ್ನಲಾರೆ, ಅದು ಅವರ ಅನ್ನ. ಆದರೆ ಒಂದೇ ಜಗಳ ಮೂರು ಸಲ ಬಂದಾಗ ಗೊತ್ತಾಗಿಬಿಡುತ್ತದೆ.

ಕನ್ನಡದಲ್ಲಿ ಇಂಥದ್ದು ಇದೆಯಾ?

ಪ್ಯಾರಾನಾರ್ಮಲ್ ನಮಗೆ ಹೊಸದಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ' ನೆನಪಿಸಿಕೊಳ್ಳಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕ ಅದು, 1997ರಲ್ಲಿ ಸಿನಿಮಾ ಕೂಡ ಆಯಿತು. ಗಂಡ ಅಪ್ಪಣ್ಣ ರಾಣಿಯನ್ನು ಮನೆಯೊಳಗೆ ಬೀಗ ಹಾಕಿ ಹೋಗುತ್ತಾನೆ. ರಾತ್ರಿ ನಾಗ ಅದೇ ಗಂಡನ ರೂಪದಲ್ಲಿ ಬಂದು ಪ್ರೀತಿಯಿಂದ ಮಾತಾಡುತ್ತದೆ. ಹಗಲಿನ ಗಂಡ ಬೇರೆ, ರಾತ್ರಿಯ ಗಂಡ ಬೇರೆ. ತನ್ನ ಹತ್ತಿರ ಬರುವವನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ಇಂದಿನ ಸರಣಿಗಳು ಸುತ್ತಿ ಬಳಸಿ ಕೇಳುವುದೂ ಇದನ್ನೇ.

ಡಾನ್ ನಾಯಕನ ಪ್ರೇಮಕಥೆ ಬೇಕಾದರೆ ಬೆಂಗಳೂರಿನ ಪ್ರತಿಲಿಪಿ ಆ್ಯಪ್‌ನಲ್ಲಿ ಕನ್ನಡದ ಧಾರಾವಾಹಿಗಳು ಸಿಗುತ್ತವೆ. ಬರೆಯುವವರಿಗೆ ನನ್ನ ಒಂದೇ ಬೇಡಿಕೆ: ಇಟಲಿಯ ಹೆಸರು ಬೇಡ, ನಮ್ಮ ಮನೆಗಳ ಒಳಗನ್ನು ಬರೆಯಿರಿ.

ಹದಿನಾರರ ಮಗಳು ಇವನ್ನು ಓದುತ್ತಿದ್ದಾಳೆ. ತಡೆಯಲಾ?

ಡಾರ್ಕ್ ಮಾಫಿಯಾ 18ರ ನಂತರದವರಿಗೇ ಬರೆದದ್ದು. ಈಗ ಬೇಡ ಅಂತ ನೇರವಾಗಿ ಹೇಳಿ, ಆದರೆ ಕಿತ್ತುಕೊಂಡು ಬೈಯಬೇಡಿ. ಏನು ಇಷ್ಟವಾಯಿತು ಅಂತ ಕೇಳಿ. ಫ್ರಾಂಕಾ ವಿಯೋಲಾ ಕಥೆ ಹೇಳಿ. ಓದಲು ಬೇರೆ ಏನಾದರೂ ಕೊಡಿ. ನಾನು ಕೊಡುವುದು ಇಲೋನಾ ಆಂಡ್ರ್ಯೂಸ್ ಅವರ ಕೇಟ್ ಡೇನಿಯಲ್ಸ್ ಸರಣಿ. ಗಂಡ ಹೆಂಡತಿ ಕೂಡಿ ಬರೆಯುವ ಹೆಸರದು. ಅಟ್ಲಾಂಟಾ ನಗರದಲ್ಲಿ ಮಾಯೆ ಅಲೆ ಅಲೆಯಾಗಿ ಬರುತ್ತದೆ. ಬಂದಾಗ ಕರೆಂಟು, ಕಾರು ನಿಂತುಹೋಗುತ್ತವೆ. ಕೇಟ್ ಕತ್ತಿ ಹಿಡಿದು ದುಡಿಯುವ ಹೆಣ್ಣು, ಯಾರೂ ಅವಳನ್ನು ಎತ್ತಿಕೊಂಡು ಹೋಗಲಾರರು. ಹೊಡೆದಾಟ, ರಕ್ತ ಜಾಸ್ತಿ ಇದೆ, ಹಸಿಬಿಸಿ ಕಡಿಮೆ. ಪ್ರೇಮ ಕೂಡಿಬರುವುದು ನಾಲ್ಕನೇ ಪುಸ್ತಕದಲ್ಲಿ, ಅದನ್ನು ಕೊಡುವ ಮೊದಲು ನೀವೇ ಓದಿ ನೋಡಿ. 2007ರ ಮೊದಲ ಪುಸ್ತಕ 'ಮ್ಯಾಜಿಕ್ ಬೈಟ್ಸ್' ಸ್ವಲ್ಪ ಒರಟು, ಅಲ್ಲೇ ಬಿಟ್ಟುಬಿಡುವವರು ಇದ್ದಾರೆ. ಮೂರನೆಯದರ ಹೊತ್ತಿಗೆ ಕೈ ಕುದುರುತ್ತದೆ. ಮೊದಲ ಮೂರನ್ನೂ ಒಟ್ಟಿಗೇ ಕೊಟ್ಟುಬಿಡಿ.